ಹೆಣ್ಣಿನ ನಡಿಗೆ

ಪರದೆಯ ಮೇಲೆ ಸಗೀರು ಹಳದಿ ಬಟ್ಟೆ ಸುತ್ತಿಕೊಂಡು, ಅಂಗೈಗೆ ಗೋರಂಟಿ ಬಳಿದುಕೊಂಡು, ಸೊಂಟ ಬಳುಕಿಸುತ್ತ ಬಾವಿಕಟ್ಟೆಗೆ ಬಂದ. ಹಾಡು ಅವನ ತುಟಿಗಿಂತ ಮುಂದೆ ಓಡುತ್ತಿತ್ತು. ಚಿತ್ರೀಕರಣದ ದಿನ ಇದೇ ನಡಿಗೆಗೆ ಕ್ಯಾಮೆರಾದವನು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಿದ್ದ. ಈಗ ಕಾನೊ ನಗರದ ಈ ತಗಡಿನ ವಿಡಿಯೊ ಹಾಲಿನಲ್ಲಿ ಅವನದೇ ಓಣಿಯ ಗಂಡಸರು ಕಿಕ್ಕಿರಿದಿದ್ದರೂ ಕಡಲೆಕಾಯಿ ಸಿಪ್ಪೆ ಒಡೆಯುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

"ಮುಂದಿನ ಹಾಡಿಗೆ ನಗ್ತಾರೆ ನೋಡ್ತಿರು," ಹಿಂದಿನ ಬೆಂಚಿನಲ್ಲಿ ಸಗೀರುವಿನ ಪಕ್ಕ ಕೂತಿದ್ದ ನಿರ್ದೇಶಕ ತನಿಮು ಪಿಸುಗುಟ್ಟಿದ.

ಮುಂದಿನ ಹಾಡೂ ಬಂತು, ಹೋಯಿತು. ಪ್ರೀತಿಸಿದವಳಿಗಾಗಿ ಹೆಣ್ಣುವೇಷದಲ್ಲಿ ಅಂತಃಪುರಕ್ಕೆ ನುಸುಳಿದವನ ಫಜೀತಿ ಯಾರಿಗೂ ತಟ್ಟಲಿಲ್ಲ. ಜನ ನಕ್ಕರೆ ವೇಷ ವೇಷವಾಗಿ ಉಳಿಯುತ್ತದೆ, ನಗದಿದ್ದರೆ ಉಳಿಯುವವನು ಹೆಂಗಸಿನ ಬಟ್ಟೆ ತೊಟ್ಟ ಗಂಡಸು. ಅದು ಸಗೀರುವಿಗೆ ಹೊಳೆದದ್ದು ಆಗಲೇ.

ಮುಂದಿನ ಬೆಂಚಿನಿಂದ ಮಾಂಸದಂಗಡಿಯ ಗರ್ಬ ಗಟ್ಟಿಯಾಗಿಯೇ ಹೇಳಿದ: "ವೇಷ ಹಾಕ್ದೋನು ಎಲ್ಲಾದ್ರೂ ಎಡವಬೇಕಪ್ಪ. ಇವ್ನು ಒಂದ್ಸಲಾನೂ ಎಡವಲಿಲ್ಲ."

ಒಂದೊಂದೇ ತಲೆ ಹಿಂದಕ್ಕೆ ತಿರುಗಿತು. ಸಗೀರು ಪಕ್ಕಕ್ಕೆ ನೋಡಿದ. ತನಿಮು ಯಾವಾಗಲೋ ಎದ್ದುಹೋಗಿದ್ದ.

ಇಳಿಹೊತ್ತಿನ ನಮಾಜಿನಲ್ಲಿ ಪಕ್ಕದವನು ಒಂದು ಹೆಜ್ಜೆ ಸರಿದು ನಿಂತ. ಭುಜಕ್ಕೆ ಭುಜ ತಾಗಬೇಕಾದಲ್ಲಿ ಗಾಳಿ ಆಡಿತು.

ಮನೆಗೆ ಬಂದಾಗ ಹೆಂಡತಿ ರಕಿಯಾ ಅಂಗಳದಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದಳು.

"ನಕ್ರಾ?"

"ನಕ್ರು."

"ಊರಿಗೆಲ್ಲ ತೋರ್ಸಿದ್ದಾಯ್ತು, ಕಟ್ಕೊಂಡೋಳಿಗೆ ಇಲ್ಲ. ಒಂಚೂರು ನಡೆದು ತೋರ್ಸಿ."

"ಈಗ ಬೇಡ ಕಣೆ."

"ಓಹೋ, ಸಾಹೇಬ್ರು ಸ್ಟಾರ್ ಆಗ್ಬಿಟ್ರು!" ಎನ್ನುತ್ತ ಅವಳು ತನ್ನ ತಲೆವಸ್ತ್ರ ಬಿಚ್ಚಿ ಅವನ ಮೇಲೆಸೆದಳು.

ಬೆಳಗಿನಿಂದ ಒಂದೇ ಒಂದು ನಗೆಗೆ ಕಾದಿದ್ದವನು ಸಗೀರು. ವಸ್ತ್ರವನ್ನು ತಲೆಗೆ ಸುತ್ತಿಕೊಂಡ. ಇಲ್ಲದ ಕೊಡವನ್ನು ಸೊಂಟಕ್ಕೇರಿಸಿ ಅಂಗಳದ ಆ ತುದಿಯಿಂದ ಈ ತುದಿಗೆ ನಡೆದ, ತಿರುಗಿ ಕಣ್ಣು ಕೊಂಕಿಸಿದ. ರಕಿಯಾ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಸಾಕು ಮಾರಾಯ್ರೆ! ನನಗಿಂತ ಚೆನ್ನಾಗಿ ನಡೀತೀರಲ್ರೀ!" ಅವಳ ದನಿ ಗೋಡೆ ದಾಟಿ ಓಣಿಗೆ ಬಿತ್ತು.

ಓಣಿಯ ಗದ್ದಲ ಅಲ್ಲಿಗೇ ನಿಂತಿತು. ಯಾರದೋ ಮೋಟಾರ್ ಬೈಕಿನ ಸದ್ದು ಅಡಗಿತು.

ರಕಿಯಾ ಕಣ್ಣೀರು ಒರೆಸಿಕೊಳ್ಳುತ್ತ ಇನ್ನೂ ನಗುತ್ತಲೇ ಇದ್ದಳು. ಸಗೀರು ತುಟಿಯ ಮೇಲೆ ಬೆರಳಿಟ್ಟ. ತಗಡಿನ ಬಾಗಿಲಿನ ಕೆಳಗೆ ಸಂಜೆಬೆಳಕಿನ ಗೆರೆಯೊಂದು ಇರುತ್ತಿತ್ತು. ಈಗ ಅದರ ತುಂಬ ಚಪ್ಪಲಿ ಮೆಟ್ಟಿದ ಪಾದಗಳು, ಒಂದೂ ಅಲುಗುತ್ತಿರಲಿಲ್ಲ.