ಓಣಿಗೊಂದೇ ಸಂದರ್ಶನದ ಬೂಟು

ಬ್ರೆಜಿಲ್‌ನ ರಿಯೊ ನಗರದ ಬೆನ್ನಿಗೆ ಅಂಟಿಕೊಂಡಿರುವ ನಮ್ಮ ಗುಡ್ಡದ ಓಣಿಯಲ್ಲಿ, ಸಂದರ್ಶನಕ್ಕೆ ಹೋಗಲು ಯೋಗ್ಯವಾದ ಬೂಟು ಇದ್ದದ್ದು ಒಂದೇ ಜೊತೆ. ಅದರ ಒಡೆಯ ಬಿರಾ, ಓಣಿಯ ಫುಟ್‌ಬಾಲ್ ತಂಡದ ನಾಯಕ. ಅವನ ಪಾದಗಳು ದೋಣಿಯಂಥವು. ಚಿಕ್ಕ ಪಾದದವರು ಬೂಟಿನ ಮೂತಿಗೆ ಹಳೆಯ ಪತ್ರಿಕೆ ತುರುಕಿಕೊಂಡು ಹೋಗುತ್ತಿದ್ದರು. ಹೋದ ದಾರಿಯಲ್ಲೇ ಹಿಂತಿರುಗುತ್ತಿದ್ದರು. ಆ ಬೂಟು ತೊಟ್ಟು ಯಾರಿಗೂ ಇದುವರೆಗೆ ಕೆಲಸ ಸಿಕ್ಕಿರಲಿಲ್ಲ. ಆದರೆ ತಪ್ಪು ಕಾಲಿನದೆಂದು ಎಲ್ಲರೂ ನಂಬಿದ್ದರು, ಬೂಟಿನದಲ್ಲ.

ಡಿಸೆಂಬರ್ ಕೊನೆಯಲ್ಲಿ ಆ ಬೂಟಿನ ಸರದಿ ಇಜಾಕಿಗೆ ಬಂತು. ಕೆಳಗಿನ ದೊಡ್ಡ ಮಾಲ್‌ನ ಬೂಟಿನಂಗಡಿಯೊಂದರಲ್ಲಿ ಕೆಲಸ ಖಾಲಿಯಿತ್ತು. ಜಾಹೀರಾತಿನಲ್ಲಿ ‘ಒಳ್ಳೆಯ ರೂಪ ಇರಬೇಕು’ ಎಂದು ಬರೆದಿತ್ತು.

ಇಜಾಕಿಯನ್ನು ಸಾಕಿದ ಅಜ್ಜಿ ಜಂದೀರಾ, ಶ್ರೀಮಂತರ ಮನೆಗಳ ನೆಲ ಒರೆಸಿ ಒರೆಸಿ ಅವರ ಭಾಷೆಯ ತಳವನ್ನೂ ಕಂಡಿದ್ದವಳು.

“ಒಳ್ಳೆ ರೂಪ ಅಂದ್ರೆ ಏನು ಗೊತ್ತೇನೋ? ಕರಿಯರು ಬರ್ಬೇಡಿ ಅಂತ ನೇರವಾಗಿ ಬರೆಯೋಕೆ ನಾಚ್ಕೆ ಆದಾಗ ಹಾಗೆ ಬರೀತಾರೆ.”

“ಮತ್ತೆ ಹೋಗ್ಲಾ, ಬೇಡ್ವಾ?”

“ಹೋಗು. ನಾಚ್ಕೊಳ್ಳೋದು ಬರೆದವರ ಕೆಲಸ, ನಿಂದಲ್ಲ. ಆದ್ರೆ ಆ ಪುಂಡರ ಜೊತೆ ಸೇರಿ ತಲೆಗೆ ಕೈ ಹಚ್ಚಿದ್ಯೋ, ಆ ಕೈ ಇರಲ್ಲ.”

ಅಜ್ಜಿಯ ಭಯಕ್ಕೆ ಕಾರಣವಿತ್ತು. ಹೊಸ ವರ್ಷ ಬಂತೆಂದರೆ ನಮ್ಮ ಗುಡ್ಡದ ಹುಡುಗರೆಲ್ಲ ಕೂದಲಿನ ಬಣ್ಣ ತೆಗೆಸಿ ಹಿಟ್ಟಿನಂತೆ ಬೆಳ್ಳಗೆ ಮಾಡಿಕೊಳ್ಳುತ್ತಾರೆ. ಅದು ನಮಗೆ ಹಬ್ಬ. ಪೊಲೀಸರಿಗೆ ಮಾತ್ರ ಕಪ್ಪು ಮುಖದ ಮೇಲೆ ಬಿಳಿ ತಲೆ ಕಂಡರೆ ಕೈ ತಾನಾಗಿ ಸೊಂಟದ ಪಿಸ್ತೂಲಿಗೆ ಹೋಗುತ್ತದೆ. ಹಾಗಿರುವಾಗ ಅಂಗಡಿಯ ಒಡೆಯರ ಮಾತು ಹೇಳಬೇಕೆ?

ಇಜಾಕಿ ಬೂಟು ಕೇಳಲು ಬಿರಾನ ಮನೆಯ ತಾರಸಿ ಹತ್ತಿದ. ಅಲ್ಲಿ ತಂಡವೆಲ್ಲ ಸಾಲಾಗಿ ಕುಳಿತಿತ್ತು. ತಲೆಗಳ ಮೇಲೆ ಪ್ಲಾಸ್ಟಿಕ್ ಚೀಲ. ಕಣ್ಣಲ್ಲಿ ಉರಿಯ ನೀರು. ಬಿರಾ ಬೋಗುಣಿಯಲ್ಲಿ ಕೂದಲಿನ ಬಣ್ಣ ತೆಗೆಯುವ ಔಷಧ ಕಲಸುತ್ತಿದ್ದ.

“ಬಾ ಗುರು, ನಿನ್ನ ಸರದಿ.”

“ನಾನು ಈ ವರ್ಷ ಮಾಡಿಸ್ಕೊಳ್ಳಲ್ಲ ಕಣೋ. ಸಂತ ಬೆನೆದಿತುಗೆ ಹರಕೆ ಹೊತ್ತಿದೀನಿ.”

ಎಲ್ಲರೂ ಒಂದು ಕ್ಷಣ ಶಿಲುಬೆಯ ಗುರುತು ಮಾಡಿಕೊಂಡರು. ಅಷ್ಟರಲ್ಲಿ ಗೋಲ್‌ಕೀಪರ್ ಲೆಲೇಕು ಚೀಲದೊಳಗಿಂದ ಕೇಳಿದ: “ಹೋದ ವಾರ ತಲೆಗೆ ಹುಣ್ಣಾಗಿದೆ ಅಂದಿದ್ದೆ. ಹುಣ್ಣಿಗೆ ಹರಕೇನಾ, ಹರಕೆಗೆ ಹುಣ್ಣಾ?”

ತಾರಸಿಯೇ ಅಲುಗುವಂತೆ ನಕ್ಕರು. ಬಿರಾ ಮಾತ್ರ ನಗಲಿಲ್ಲ.

“ಇಜಾಕಿ, ನೇರವಾಗಿ ಹೇಳ್ತೀನಿ. ಬೂಟು ತಂಡದ್ದು. ತಂಡದ ತಲೆ ಬಿಳಿ. ತಲೆ ಕಪ್ಪಾಗಿದ್ರೆ ಬೂಟಿಲ್ಲ. ಚಪ್ಪಲೀಲಿ ಹೋಗು, ಬೂಟಿನಂಗಡೀಲಿ ಭಾಳ ಮರ್ಯಾದೆ ಸಿಗುತ್ತೆ.”

ತಲೆ ಬೆಳ್ಳಗಾದರೆ ಕೆಲಸವಿಲ್ಲ, ಕಪ್ಪಾಗಿದ್ದರೆ ಬೂಟಿಲ್ಲ, ಬೂಟಿಲ್ಲದಿದ್ದರೆ ಆಗಲೂ ಕೆಲಸವಿಲ್ಲ. ಇಜಾಕಿ ಬಹಳ ಹೊತ್ತು ಯೋಚಿಸಿದ. ಇದಕ್ಕಿಂತ ಹೆಚ್ಚಾಗಿ, ಆ ಸಾಲಿನಲ್ಲಿ ತನ್ನೊಬ್ಬನ ತಲೆ ಮಾತ್ರ ಕಪ್ಪಗೆ ಉಳಿಯುವುದು ಅವನಿಗೆ ಹುಟ್ಟಿದ ಓಣಿಯಿಂದಲೇ ಹೊರಬಿದ್ದಂತೆ ತೋರಿತು. ಕುಳಿತುಬಿಟ್ಟ.

ಹೊಸ ವರ್ಷದ ಸಂಭ್ರಮದುದ್ದಕ್ಕೂ ಅವನು ಅಜ್ಜಿಯೆದುರು ಟೋಪಿ ತೆಗೆಯಲಿಲ್ಲ. ಸಂದರ್ಶನದ ಬೆಳಿಗ್ಗೆ, ಊಟದ ಮೇಜಿನ ಬಳಿ, ಅಜ್ಜಿಯೇ ಅದನ್ನು ಕಿತ್ತಳು.

ತನ್ನ ನರೆಗೆಂದು ಇಟ್ಟುಕೊಂಡಿದ್ದ ಬೂದುಗಪ್ಪು ಬಣ್ಣದ ಡಬ್ಬಿ ತಂದು, ಮೊಮ್ಮಗನ ಕತ್ತು ಬಗ್ಗಿಸಿ, ಗೋಡೆಗೆ ಸುಣ್ಣ ಬಳಿದಂತೆ ಬಳಿದಳು. ತೊಳೆದಾಗ ಇಬ್ಬರೂ ಕನ್ನಡಿಯನ್ನೇ ನೋಡುತ್ತ ನಿಂತರು. ಬಣ್ಣ ಕಳೆದುಕೊಂಡ ಕೂದಲು ಹೊಸ ಬಣ್ಣವನ್ನು ತನಗೆ ಬೇಕಾದಂತೆ ಹೀರಿಕೊಂಡಿತ್ತು. ಇಜಾಕಿಯ ತಲೆ ಹಸಿರಾಗಿತ್ತು. ಎಳೆಯ ತೆಂಗಿನಕಾಯಿಯ ಹಸಿರು.

“ದೇವರೇ! ಗಿಳಿ ಆಗಿಬಿಟ್ಟೆಯಲ್ಲೋ ಮಗನೇ,” ಎಂದಳು ಅಜ್ಜಿ. ಇನ್ನೊಮ್ಮೆ ಬಳಿಯಲು ಬಣ್ಣವೂ ಇರಲಿಲ್ಲ, ಹೊತ್ತೂ ಇರಲಿಲ್ಲ.

ಮಾಲ್‌ನ ಬಾಗಿಲಿನಿಂದಲೇ ಒಬ್ಬ ಕಾವಲುಗಾರ ಅವನ ಬೆನ್ನು ಹತ್ತಿದ. ಅವನೂ ಕಪ್ಪು ಬಣ್ಣದವನೇ. ಆದರೆ ಅವನ ಮೈಮೇಲೆ ಸಮವಸ್ತ್ರವಿತ್ತು. ಇಜಾಕಿ ನಿಂತರೆ ಅವನೂ ನಿಂತ, ನಡೆದರೆ ನಡೆದ. ದೊಡ್ಡ ಬೂಟು ಟಪ್ಪ್ ಟಪ್ಪ್ ಎಂದು ಇಬ್ಬರನ್ನೂ ಅಂಗಡಿಗೆ ಕರೆತಂದಿತು.

ಮ್ಯಾನೇಜರ್ ಒತಾವಿಯಾ ಮೇಡಂ ಬಂದವರ ಮುಖ ನೋಡುವ ಮೊದಲು ಕಾಲು ನೋಡುವವರು. ನೋಡಿದರು. ಹುಬ್ಬು ಗಂಟಿಕ್ಕಿದರು. ಬಗ್ಗಿ ಮತ್ತೆ ನೋಡಿದರು.

“ಈ ಬೂಟು ನಂಗೊತ್ತು.”

ಕಾವಲುಗಾರ ಎರಡು ಹೆಜ್ಜೆ ಮುಂದೆ ಬಂದ. “ಕದ್ದಿದ್ದಾ ಮೇಡಂ?”

ಕೆಲಸ ಹಾಗಿರಲಿ, ಮನೆಗಾದರೂ ಹೋಗುತ್ತೇನೆಯೇ ಎಂಬ ಯೋಚನೆ ಇಜಾಕಿಗೆ ಬಂತು.

“ಕದ್ದಿದ್ದಲ್ಲ,” ಎಂದರು ಒತಾವಿಯಾ. “ಈ ಬೂಟು ಇಲ್ಲಿಗೆ ಮೊದಲೂ ಸಂದರ್ಶನಕ್ಕೆ ಬಂದಿತ್ತು. ಒಂದ್ಸಲ ಒಬ್ಬ ಕುಳ್ಳನ ಕಾಲಲ್ಲಿ, ಒಂದ್ಸಲ ಒಬ್ಬ ಲಂಬೂನ ಕಾಲಲ್ಲಿ. ಬಲಗಡೆ ಮೂತಿ ಮೇಲಿನ ಈ ಗೀರು ಮರೆಯೋ ಹಾಗೇ ಇಲ್ಲ.”

“ಕೆಲಸ ಸಿಗೋವರೆಗೂ ಬರುತ್ತೆ ಮೇಡಂ,” ಎಂದ ಇಜಾಕಿ, ಹೆದರಿಕೆಯಲ್ಲಿ ನಿಜವನ್ನೇ ಹೇಳುತ್ತ. “ಹಠಮಾರಿ ಬೂಟು ಅದು.”

ಒತಾವಿಯಾ ನಕ್ಕರು. ನಗುತ್ತಲೇ ಅವನ ತಲೆಯನ್ನು ನೋಡಿದರು, ನಗು ನಿಂತಿತು.

“ಈ ತಲೆ ಇಟ್ಕೊಂಡು ಗಿರಾಕಿಗಳ ಮುಂದೆ ನಿಲ್ಲೋಕಾಗಲ್ಲಪ್ಪ.”

ಅದೇ ಹೊತ್ತಿಗೆ ಅವರ ಹಿಂದಿನಿಂದ ಗುಸ್ತಾವು ಎಂಬ ಬಿಳಿಯ ಹುಡುಗ ಪೆಟ್ಟಿಗೆ ಹಿಡಿದು ದಾಟಿ ಹೋದ. ಎದೆಯ ಮೇಲೆ ಅಂಗಡಿಯ ಬಿಲ್ಲೆ. ತಲೆಯ ಮೇಲೆ ಗುಲಾಬಿ ಕೂದಲು. ಇಜಾಕಿ ಆ ಗುಲಾಬಿಯನ್ನೇ ನೋಡಿದ. ಒತಾವಿಯಾ ಕೂಡ ನೋಡಬೇಕಾಯಿತು.

“ಅವನದು ಫ್ಯಾಷನ್,” ಎಂದರು.

“ನಂದು ಅಜ್ಜಿ, ಮೇಡಂ.”

ಗುಸ್ತಾವು ಪೆಟ್ಟಿಗೆ ಬೀಳಿಸಿಕೊಂಡು ನಕ್ಕ. ಒತಾವಿಯಾ ಕೆಮ್ಮಿ, ಕೊನೆಗೆ ತೀರ್ಪು ಕೊಟ್ಟರು: ಸದ್ಯಕ್ಕೆ ಹಿಂದಿನ ಉಗ್ರಾಣದಲ್ಲಿ ಕೆಲಸ, ಕೂದಲು ಕಪ್ಪಾದ ದಿನ ಮುಂದೆ, ಗಿರಾಕಿಗಳ ಬಳಿ.

ಉಗ್ರಾಣದಲ್ಲಿ ಪೆಟ್ಟಿಗೆ ಹೊರುವವರೆಲ್ಲ ನಮ್ಮ ಬಣ್ಣದವರೇ ಎಂಬುದು ಮೊದಲ ದಿನವೇ ಇಜಾಕಿಗೆ ಕಂಡಿತು. ಅವರ ಕೂದಲೆಲ್ಲ ಮೊದಲಿನಿಂದಲೂ ಕಪ್ಪಗೇ ಇತ್ತು. ಆದರೂ ಮಾತು ಮಾತೇ. ಕಾರ್ನಿವಲ್ ಹಬ್ಬ ಮುಗಿಯುವಷ್ಟರಲ್ಲಿ ಬುಡದಿಂದ ಕಪ್ಪು ಕೂದಲು ಬೆಳೆದು ಹಸಿರು ತುದಿಗೆ ಸರಿಯಿತು. ಆ ತುದಿಯನ್ನು ಬಿರಾ ಕತ್ತರಿಸಿದ. ಇಜಾಕಿ ಮೇಡಂ ಮುಂದೆ ತಲೆಬಾಗಿ ನಿಂತ, ವಿನಯಕ್ಕಲ್ಲ, ತೋರಿಸುವುದಕ್ಕೆ.

“ಹೌದಲ್ಲ, ಕಪ್ಪಾಗಿದೆ,” ಎಂದರು ಅವರು, ಬೇರೆ ಕಡೆ ನೋಡುತ್ತ. “ಆದ್ರೆ ಈಗ ಮುಂದೆ ಜಾಗ ಇಲ್ಲ. ನೋಡೋಣ.”

ಗುಡ್ಡಕ್ಕೆ ಬಂದು ಇಜಾಕಿ ಅದನ್ನು ತಾರಸಿಯಲ್ಲಿ ಕುಳಿತಿದ್ದ ತಂಡಕ್ಕೆ ಹೇಳಿದ. ತಲೆಗೆ ಔಷಧ ಹಚ್ಚಲು ಹಠ ಹಿಡಿದಿದ್ದ ಅದೇ ಬಿರಾ ಹಲ್ಲು ಕಡಿದು ಕೇಳಿದ: “ಶನಿವಾರ ಅಂಗಡಿ ಎಷ್ಟು ಹೊತ್ತು ತೆಗೆದಿರುತ್ತೆ?”

ಶನಿವಾರ, ಗಿರಾಕಿಗಳು ತುಂಬಿದ್ದಾಗ, ಓಣಿಯ ತಂಡ ಸ್ನಾನ ಮಾಡಿ ಅಂಗಡಿಗೆ ಬಂತು. ಸಾಲಾಗಿ ಕುಳಿತಿತು. ಎಲ್ಲರೂ ಬಹಳ ಮರ್ಯಾದೆಯಿಂದ ಬೂಟು ಕೇಳಿದರು. ಗುಸ್ತಾವು ತಂದ. ಬಿಗಿ ಎಂದರು. ಇನ್ನೊಂದು ತಂದ. ಸಡಿಲ ಎಂದರು. ಪೆಟ್ಟಿಗೆಗಳ ಗೋಡೆ ಏರಿತು. ಅದರ ಹಿಂದೆ ಗುಲಾಬಿ ಕೂದಲು ಮುಳುಗಿತು.

“ಹೊರಗೆ ಹಾಕ್ಲಾ ಮೇಡಂ?” ಎಂದ ಕಾವಲುಗಾರ.

“ಏನಂತ ಹಾಕ್ತೀಯ? ಬೂಟಿನಂಗಡೀಲಿ ಬೂಟು ಹಾಕಿ ನೋಡಿದ್ರು ಅಂತಲಾ?”

ಬಿರಾ ತನ್ನ ದೋಣಿಯಂಥ ಪಾದವನ್ನು ಚಾಚಿ ನಮ್ರವಾಗಿ ಹೇಳಿದ: “ನಮ್ಮ ಕಾಲಿಗೆ ಇಜಾಕಿ ಕೈಯೇ ಆಗ್ಬೇಕಮ್ಮ. ಬೇರೆಯವರು ಹಾಕಿದ್ರೆ ಒಪ್ಪಲ್ಲ.”

“ಎಷ್ಟು ಹೊತ್ತು ಇರ್ತೀರಿ ನೀವು?”

“ಮುಚ್ಚೋವರೆಗೂ. ಇವತ್ತು ಕೆಲವರಿಗೆ ಜ್ವರ ಇತ್ತು. ಬರೋ ಶನಿವಾರ ಎಲ್ರೂ ಬರ್ತೀವಿ.”

ಗಿರಾಕಿಗಳು ನೋಡುತ್ತಿದ್ದರು. ಒತಾವಿಯಾ ಉಗ್ರಾಣದ ಬಾಗಿಲ ಕಡೆಗೆ ನೋಡಿದರು. ಮೇಜಿನ ಖಾನೆಯಿಂದ ಒಂದು ಬಿಲ್ಲೆ ತೆಗೆದರು. “ಇಜಾಕಿ! ಮುಂದೆ ಬಾ. ಇವರನ್ನ ಬೇಗ ಕಳಿಸು. ಆಮೇಲೆ… ಇಲ್ಲೇ ಇರು.”

ಇಜಾಕಿ ಬಿಲ್ಲೆ ಸಿಕ್ಕಿಸಿಕೊಂಡು ಹೊರಬಂದ. ಮೊದಲ ಗಿರಾಕಿಯ ಮುಂದೆ ಮಂಡಿಯೂರಿ, ಮುಖ ಗಂಭೀರ ಮಾಡಿಕೊಂಡು ಕೇಳಿದ: “ಏನು ಕೊಡ್ಲಿ ಸ್ವಾಮಿ?”

“ಒಂದು ಜೊತೆ ಲೇಸು,” ಎಂದ ಬಿರಾ. ಚೀಲದಿಂದ ಓಣಿಯ ಹಳೆಯ ಬೂಟು ತೆಗೆದು ಅವನ ಕೈಗಿಟ್ಟ. ಇಜಾಕಿ ಹೊಸ ಲೇಸನ್ನು ಅಚ್ಚುಕಟ್ಟಾಗಿ ಪೋಣಿಸಿದ.

ಒತಾವಿಯಾ ಹತ್ತಿರ ಬಂದು ಮೂತಿಯ ಮೇಲಿನ ಗೀರನ್ನು ಗುರುತಿಸಿದರು. ದನಿ ತಗ್ಗಿಸಿ ಕೇಳಿದರು: “ಈ ಬೂಟು ಮತ್ತೆ ಬರುತ್ತೇನೋ?”

“ಬರುತ್ತೆ ಮೇಡಂ,” ಎಂದ ಇಜಾಕಿ, ಗಂಟು ಬಿಗಿಯುತ್ತ. “ಸೋಮವಾರ. ಲೆಲೇಕು ಕಾಲಲ್ಲಿ.”