ಬರುವ ವರ್ಷಗಳ ಸ್ವೆಟರು

ಮಧ್ಯಾಹ್ನದ ಪಾತ್ರೆಗಳನ್ನು ತೊಳೆದು ಕವುಚಿ, ಗ್ಯಾಸ್ ಕಟ್ಟೆ ಒರೆಸಿ, ಗಂಡ ಅನಂತಮೂರ್ತಿಯ ಮೊಣಕಾಲಿಗೆ ಎಣ್ಣೆ ತಿಕ್ಕಿ ಮಲಗಿಸಿದ ಮೇಲೆ ನೀಲಾಳಿಗೆ ತನ್ನದು ಅನ್ನುವಂಥ ಒಂದಿಷ್ಟು ಹೊತ್ತು ಸಿಗುತ್ತಿತ್ತು. ಆಗ ಅವಳು ಹೊರಬಾಗಿಲ ಪಕ್ಕ ಬೆಳಕಿಗೆ ಮುಖ ಮಾಡಿ ಕೂತು ಹೆಣಿಗೆಯ ಕಡ್ಡಿ ಕೈಗೆತ್ತಿಕೊಳ್ಳುತ್ತಿದ್ದಳು. ಯಲ್ಲಾಪುರ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಮನೆ ಅದು. ಅರಬೈಲ್ ಘಟ್ಟ ಇಳಿಯಲು ಹೊರಟ ಲಾರಿಗಳ ಗದ್ದಲ ದಿನವಿಡೀ ಇದ್ದದ್ದೇ. ಆ ಗದ್ದಲದೊಳಗೇ ಎರಡು ಸೀದಾ, ಎರಡು ಉಲ್ಟಾ ಅಂತ ತುಟಿ ಅಲ್ಲಾಡಿಸುತ್ತ ಹೆಣೆಯುವುದು ಅವಳಿಗೆ ರೂಢಿಯಾಗಿ ಹೋಗಿತ್ತು. ನಡುವೆ ಬೇಳೆ ಬೇಯಲಿಡಲು ಏಳಬೇಕು, ಒಣಗಿದ ಬಟ್ಟೆ ತೆಗೆಯಬೇಕು, "ಒಂಚೂರು ನೀರು ಕೊಡೇ" ಅಂತ ಒಳಗಿನಿಂದ ಕೂಗಿದರೆ ಹೋಗಬೇಕು. ತಿರುಗಿ ಬಂದು ಕೂರುವಾಗ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಬೆರಳಲ್ಲೇ ತಡವಿ ಹುಡುಕಬೇಕು.

ಹೆಣೆಯುತ್ತಿದ್ದದ್ದು ಮೊಮ್ಮಗಳು ಅಭಿಜ್ಞಾಳಿಗೆ. ಅವಳಿಗೆ ಈಗ ಐದು ತುಂಬುತ್ತ ಬಂದಿತ್ತು. ಅವಳು ಇರುವುದು ಸಿದ್ದಾಪುರದಲ್ಲಿ, ತಾಯಿ ದಿವ್ಯಾಳ ಜೊತೆ, ದಿವ್ಯಾಳ ತವರುಮನೆಯಲ್ಲಿ. ಅಪ್ಪ ನಂದನ ಇರುವುದು ಇಲ್ಲಿ ಯಲ್ಲಾಪುರದಲ್ಲಿ, ಅಂದರೆ ತನ್ನ ತಾಯಿ ನೀಲಾಳ ಜೊತೆ.

ನಂದನ, ದಿವ್ಯಾ ಜಗಳಾಡಿದ್ದನ್ನು ಓಣಿಯಲ್ಲಿ ಯಾರೂ ಕೇಳಿದ್ದಿಲ್ಲ. ನಂದನನಿಗೆ ಸಿಟ್ಟು ಬಂದರೆ ಮಾತು ನಿಂತುಹೋಗುತ್ತಿತ್ತು. ಒಂದು ದಿನ, ಎರಡು ದಿನ ಅಲ್ಲ. ಮಳೆಗಾಲ ಹೋಗಿ ಚಳಿಗಾಲ ಬರುವಷ್ಟು ಕಾಲ. "ಸಾರು ಬೇಕಾ ಕೇಳಿ ಅತ್ತೆ" ಅಂತ ದಿವ್ಯಾ ಹೇಳುವುದು, "ಸಾಕು ಹೇಳು ಆಯಿ" ಅಂತ ಅವನು ತಾಯಿಗೆ ಹೇಳುವುದು. ಒಂದೇ ಕೋಣೆಯಲ್ಲಿದ್ದ ಇಬ್ಬರ ನಡುವೆ ನೀಲಾ ಅನ್ನದ ಜೊತೆ ಮಾತನ್ನೂ ಬಡಿಸುತ್ತ ಓಡಾಡಿದಳು. ಕೊನೆಗೊಂದು ದಿನ ದಿವ್ಯಾ ಮಗುವನ್ನು ಸೊಂಟಕ್ಕೇರಿಸಿಕೊಂಡು, "ಗೋಡೆ ಜೊತಿಗೆ ಎಷ್ಟು ದಿನ ಸಂಸಾರ ಮಾಡವು ಅತ್ತೆ?" ಅಂತ ಕೇಳಿ ಹೊರಟುಹೋದಳು.

ವಿಚ್ಛೇದನ ಕೋರ್ಟಿನಲ್ಲಿ ಆಯಿತು. ಮಗುವನ್ನು ನೋಡುವ ವಿಷಯ ಮಾತ್ರ ಎರಡೂ ಕಡೆಯ ಹಿರಿಯರೇ ಕೂತು ತೀರ್ಮಾನಿಸಿದರು. ಯಲ್ಲಾಪುರವೂ ಬೇಡ, ಸಿದ್ದಾಪುರವೂ ಬೇಡ, ನಡುವಿನ ಶಿರಸಿಯಲ್ಲಾಗಲಿ; ಅಲ್ಲಿ ನೀಲಾಳ ನಾದಿನಿ, ಎರಡೂ ಮನೆಗೆ ಬೇಕಾದವಳು ಮಮತಾ ಇದ್ದಾಳಲ್ಲ, ತಿಂಗಳಿಗೊಂದು ಭಾನುವಾರ ಅವಳ ಮನೆಯಲ್ಲಿ ಅಪ್ಪ ಬಂದು ಮಗುವನ್ನು ನೋಡಲಿ. ಅಪ್ಪ ಬಂದರೆ ಮಗು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಅಜ್ಜಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅಜ್ಜಿ ಆಗ ಒಳಗೆ ಅವರಿಗೆಲ್ಲ ಚಹಾ ಸೋಸುತ್ತಿದ್ದಳು.

ಆದರೂ ಮೊದಮೊದಲು ನಡೆಯಿತು. ಮಗನ ಜೊತೆ ತಾನೂ ಬಸ್ಸು ಹತ್ತುವಳು. ಒಂದು ಸಲ ಟೊಪ್ಪಿ, ಒಂದು ಸಲ ಕಾಲುಚೀಲ, ಒಂದು ಸಲ ಮೊಲದಂಥದ್ದೊಂದು ಗೊಂಬೆ. ನಂದನ ಸೋಫಾದ ತುದಿಯಲ್ಲಿ ಕೂತು ಮೊಬೈಲು ನೋಡುವನು. ಮಗು ಇವಳ ತೊಡೆಯ ಮೇಲೆ ಕೂತು ಉಲ್ಲನ್ನಿನ ಮೊಲದ ಕಿವಿ ಚೀಪುವುದು. ಆಮೇಲೆ ಅವನಿಗೆ ಒಂದೊಂದೇ ಕಾರಣ ಹುಟ್ಟಿಕೊಂಡಿತು. ಸೊಸೈಟಿಯಲ್ಲಿ ಆಡಿಟ್ಟು, ಗೆಳೆಯನ ಗೃಹಪ್ರವೇಶ, ತಲೆನೋವು. ಕೊನೆಗೆ ಕಾರಣ ಹೇಳುವುದನ್ನೂ ಬಿಟ್ಟ.

"ಆನು ಬತ್ನಿಲ್ಲೆ ಆಯಿ. ಅಲ್ಲಿ ಹೋಗಿ ಎಂತ ಮಾಡವು? ಆ ಕೂಸು ಯನ್ನ ನೋಡಿದ್ರೆ ಮಮತತ್ತೆ ಹಿಂದೆ ಅಡಗ್ತು."

"ಅಪರೂಪ ಆದ್ರೆ ಅಡಗ್ತಪ್ಪ. ನಾಲ್ಕು ಸಲ ಬಂದ್ರೆ ತಾನೇ ಬತ್ತು."

ಅವನು ಮೊಬೈಲು ಎತ್ತಿಕೊಂಡು ಒಳಗೆ ಹೋದ. ಅವನ ಮೌನದ ಎದುರು ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಹೀಗಾಗಿ ನೀಲಾಳಿಗೆ ಮಗುವಿನ ಅಳತೆ ತಪ್ಪಿಹೋಯಿತು. ಮಮತಾ ಆಗೀಗ ಮೊಬೈಲಿಗೆ ಕಳಿಸುವ ಫೋಟೋ ಒಂದೇ ಆಧಾರ. ಅವುಗಳಲ್ಲೊಂದರಲ್ಲಿ ಅಭಿಜ್ಞಾ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಪಕ್ಕ ನಿಂತಿದ್ದಳು. ಅಂಥದ್ದೇ ಕುರ್ಚಿ ಇವರ ಮನೆಯಲ್ಲೂ ಇತ್ತು. ಫೋಟೋದಲ್ಲಿ ಕುರ್ಚಿಯ ಬೆನ್ನಿನ ತುದಿ ಮಗುವಿನ ಸೊಂಟಕ್ಕೆ ಬರುತ್ತಿತ್ತು. ನೀಲಾ ತನ್ನ ಕುರ್ಚಿಯನ್ನು ಬೆಳಕಿಗೆ ಎಳೆದುಕೊಂಡು, ಗೇಣು ಹಾಕಿ, ಇಲ್ಲಿಗೆ ಸೊಂಟ, ಇಲ್ಲಿಗೆ ಮಂಡಿ ಅಂತ ಚಾಕ್‌ಪೀಸಿನಲ್ಲಿ ಗೆರೆ ಎಳೆದಳು. ಇಷ್ಟು ಬೆಳೆದಳಲ್ಲ ಅಂತ ಆಶ್ಚರ್ಯಪಟ್ಟಳು. ಅನಂತಮೂರ್ತಿ ಆ ಕುರ್ಚಿಯಲ್ಲಿ ಕೂತು ಅಂಗಿಗೆಲ್ಲ ಚಾಕ್ ಮೆತ್ತಿಸಿಕೊಂಡು ಬೈದ.

ಕಾರ್ತೀಕ ಕಳೆಯುತ್ತಿದ್ದಂತೆ ನಂದನನಿಗೆ ಇಡಗುಂದಿ ಕಡೆಯಿಂದೊಂದು ಸಂಬಂಧ ಬಂತು. ಮೊದಲ ಮದುವೆಗೇ ಹೆಣ್ಣು ಸಿಗದೆ ಊರಿನ ಗಂಡುಗಳೆಲ್ಲ ತಲೆ ನರೆಸಿಕೊಳ್ಳುತ್ತಿರುವ ಕಾಲ. ಎರಡನೆಯದಕ್ಕೆ ತಾವಾಗಿ ಕೇಳಿಕೊಂಡು ಬಂದಿದ್ದಾರೆಂದು ಅನಂತಮೂರ್ತಿ ಮೊಣಕಾಲಿನ ನೋವನ್ನೇ ಮರೆತು ಎದ್ದು ಓಡಾಡಿದ. ಹುಡುಗಿಯ ಸೋದರಮಾವ ಕೇಸರಿಬಾತಿನ ತಟ್ಟೆ ಕೈಯಲ್ಲಿ ಹಿಡಿದೇ ಹೇಳಿದ:

"ಒಂದೇ ಮಾತು ಭಾವಾ. ಆ ಶಿರಸಿ ಭಾನುವಾರ ನಿಲ್ಸಿಬಿಡಿ. ಯಂಗಳ ಕೂಸು ನಿಮ್ಮನೆ ಸೊಸೆಯಾಗಿ ಬಂದ ಮೇಲೂ ತಿಂಗಳು ತಿಂಗಳು ಹಳೇದ್ನೆಲ್ಲ ಕೆದಕ್ತಾ ಕೂಪದು ಬೇಡ."

"ಅಂವ ಹೋಗದು ಬಿಟ್ಟು ಯಾವ ಕಾಲ ಆತು" ಅಂದ ಅನಂತಮೂರ್ತಿ.

"ಅವನೊಬ್ಬಂದಲ್ಲ. ಮನೆಯವು ಯಾರೂ ಹೋಪಲಾಗ."

ಹೇಳುವಾಗ ಅವನು ಅಡುಗೆಮನೆಯ ಬಾಗಿಲ ಕಡೆ ನೋಡಿದ. ನೀಲಾ ಅಲ್ಲಿ ಪಾತ್ರೆ, ಸೌಟು ಹಿಡಿದು ನಿಂತಿದ್ದಳು. ಆಗುವುದಿಲ್ಲ ಅನ್ನಬಹುದಿತ್ತು. ಅನ್ನುವುದಕ್ಕೆ ಬಾಯಿಯನ್ನೂ ತೆರೆದಿದ್ದಳು. ಆದರೆ ಸೋಫಾದ ತುದಿಯಲ್ಲಿ ನಂದನ ನೀಟಾಗಿ ಗಡ್ಡ ತೆಗೆದು, ಇಸ್ತ್ರಿ ಅಂಗಿ ಹಾಕಿ ಕೂತಿದ್ದ. ಬೆಳಿಗ್ಗೆ ಬಚ್ಚಲಲ್ಲಿ ಅವನು ಏನೋ ಹಾಡು ಗುನುಗಿದ್ದನ್ನು ಅವಳು ಕೇಳಿದ್ದಳು. ಆ ದನಿ ಆ ಮನೆಯಲ್ಲಿ ಕೇಳದೆ ವರ್ಷಗಳಾಗಿದ್ದವು. ಅವಳು ಮುಂದೆ ಬಂದು, "ಇನ್ನೊಂಚೂರು ಹಾಕ್ತಿ" ಅಂತ ಸೋದರಮಾವನ ತಟ್ಟೆಗೆ ಬಡಿಸಿದಳು.

ಮರುದಿನದಿಂದ ಅವಳ ಹೆಣಿಗೆಯ ರೀತಿ ಬದಲಾಯಿತು. ಈ ವರ್ಷದ ಗುಲಾಬಿ ಸ್ವೆಟರು ಮುಗಿಯುತ್ತಿದ್ದಂತೆ ಅದಕ್ಕಿಂತ ಎರಡು ಬೆರಳು ದೊಡ್ಡದೊಂದು ನೀಲಿಯದನ್ನು ಹಿಡಿದಳು. ಅದು ಮುಗಿದ ಮೇಲೆ ಇನ್ನೂ ಎರಡು ಬೆರಳು ದೊಡ್ಡದು, ಹಸಿರಿನದು. ಆಮೇಲೆ ತೋಳು ಇನ್ನಷ್ಟು ಉದ್ದ ಮಾಡಿ ಕಂದು ಬಣ್ಣದ್ದು. ಆರು ವರ್ಷಕ್ಕೊಂದು, ಏಳಕ್ಕೊಂದು, ಎಂಟಕ್ಕೊಂದು. ತಾನು ಹೋಗುವಂತಿಲ್ಲ, ಸರಿ. ಸ್ವೆಟರು ಅಲ್ಲಿರುತ್ತದಲ್ಲ. ಪ್ರತಿ ಚಳಿಗಾಲಕ್ಕೆ ಒಂದೊಂದು ಹೊರಗೆ ಬರುತ್ತದೆ, ಮಗು ಅದರೊಳಗೆ ತಲೆ ತೂರಿಸುತ್ತದೆ. ಅಷ್ಟು ಸಾಕು ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಮದುವೆಯ ತಯಾರಿಗೆ ಸುಣ್ಣ ಬಳಿಯುವವರು ಬಂದರು, ಅಕ್ಕಿ ಹಸನು ಮಾಡುವುದಿತ್ತು, ಹಪ್ಪಳ ಒಣಗಿಸುವುದಿತ್ತು. ಹಪ್ಪಳದ ಹತ್ತಿರ ಕಾಗೆ ಕಾಯುತ್ತ ಕೂತಾಗಲೂ ಅವಳ ಕೈ ನಿಲ್ಲಲಿಲ್ಲ.

"ಹೊಸ ಸೊಸೆ ಬರದ್ರೊಳಗೇ ಮೊಮ್ಮಗಂಗೆ ಶುರು ಮಾಡಿದ್ಯನೇ?" ಅನಂತಮೂರ್ತಿ ಕಂದು ಸ್ವೆಟರನ್ನು ಎತ್ತಿ ಹಿಡಿದು ನಕ್ಕ. "ಇಷ್ಟು ದೊಡ್ಡದು! ಹುಟ್ಟಿದ ದಿನವೇ ಶಾಲೆಗೆ ಹೊರಡ್ತ ಕಾಣ್ತು ನಿನ್ನ ಮೊಮ್ಮಗ."

"ಅಳತೆ ತಪ್ತು" ಅಂದಳು ನೀಲಾ.

ಒಂದು ಬೆಳಿಗ್ಗೆ ಮಮತಾಳಿಗೆ ಫೋನು ಮಾಡಿ, ಈ ಭಾನುವಾರ ಮಗುವನ್ನು ಕರೆಸಲು ಹೇಳಿದಳು. ನಂದನ ಬರುತ್ತಾನಾ ಅಂತ ಮಮತಾ ಕೇಳಿದಾಗ ಹೂಂ ಅಂದಳು. ಮನೆಯಲ್ಲಿ, ಮಮತಾಳಿಗೆ ಮದುವೆಯ ಸುದ್ದಿ ಹೇಳಿ ಬರುತ್ತೇನೆ ಅಂದಳು.

ನಂದನನೇ ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಚೀಲವನ್ನು ಬಸ್ಸಿನ ಕಿಟಕಿಯೊಳಗೆ ಕೊಡುವಾಗ ಅದನ್ನು ಒಂದು ಗಳಿಗೆ ಹಿಡಿದುಕೊಂಡೇ ನಿಂತ. ಉಲ್ಲನ್ನು ಅಂತ ಕೈಗೆ ತಿಳಿದಿರಬೇಕು.

"ಆಯಿ, ಕೂಸಿಗೆ..." ಅಂದ.

ನೀಲಾ ಕಾದಳು. ಮಾತು ಅಲ್ಲಿಗೇ ನಿಂತಿತು. ಬಸ್ಸು ಹೊರಟಿತು.

ಶಿರಸಿಯಲ್ಲಿ ಮಮತಾ ಬಾಗಿಲು ತೆಗೆದವಳೇ ಅವಳ ಹಿಂದೆ ಇಣುಕಿ ನೋಡಿದಳು. "ನಂದನ ಎಲ್ಲಿ ಅತ್ಗೆ?"

"ಬೈಂದ್ನಿಲ್ಲೆ. ನಿಂಗೆ ಸುಳ್ಳು ಹೇಳ್ದಿ."

ಮಮತಾ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ದಿವ್ಯಾ ಮಗುವಿನ ಕೈ ಹಿಡಿದು ಮೆಟ್ಟಿಲವರೆಗೆ ಬಂದು, ಒಳಗೆ ನೀಲಾ ಒಬ್ಬಳೇ ಇರುವುದನ್ನು ಕಂಡು ಚಪ್ಪಲಿ ಬಿಡದೆ ನಿಂತಳು. ಮೊದಲಿಗಿಂತ ತೆಳ್ಳಗಾಗಿದ್ದಳು. ಸಿದ್ದಾಪುರದ ಬಾಲವಾಡಿಯೊಂದರಲ್ಲಿ ಕಲಿಸುತ್ತಿದ್ದಾಳೆ ಅಂತ ನೀಲಾ ಕೇಳಿದ್ದಳು.

"ಅವು ಬೈಂದ್ವಿಲ್ಯ?"

"ಇಲ್ಲೆ ತಂಗೀ. ಆನೊಬ್ಳೇ."

ತೀರ್ಮಾನದ ಪ್ರಕಾರ ಅವಳು ಅಲ್ಲಿಂದಲೇ ತಿರುಗಿ ಹೋಗಬಹುದಿತ್ತು. ಮಮತಾ ನಡುವೆ ಬಂದು, "ಬಿಸಿಲಲ್ಲಿ ಬೈಂದೆ, ನೀರು ಕುಡ್ಕಂಡು ಹೋಗು. ನೀರು ಕುಡಿಯಲೆ ಯಾವ ಹಿರಿಯರ ಅಪ್ಪಣೆನೂ ಬೇಡ" ಅಂತ ಮಗುವನ್ನು ಎತ್ತಿಕೊಂಡೇ ಬಿಟ್ಟಳು.

ಅಭಿಜ್ಞಾ ಮೊದಲು ನೋಡಿದ್ದು ಚೀಲವನ್ನು. ಆಮೇಲೆ ನೀಲಾಳನ್ನು. "ಯಲ್ಲಾಪುರ ಅಜ್ಜಿ" ಅಂತ ಗುರುತಿಸಿ ತಾಯಿಯ ಕಡೆ ನೋಡಿ ಖಾತ್ರಿ ಮಾಡಿಕೊಂಡಳು. ನೀಲಾ ಗುಲಾಬಿ ಸ್ವೆಟರನ್ನು ತೆಗೆದು ತಲೆಗೆ ತೂರಿಸಿದಳು. ಅದು ಹೆಗಲಿನಿಂದ ಜಾರಿ ಮಂಡಿಯವರೆಗೆ ಇಳಿಯಿತು. ತೋಳುಗಳು ಕೈ ದಾಟಿ ಜೋತಾಡಿದವು. ಮಗು ಅವನ್ನು ಬೀಸುತ್ತ, "ಆನೆ ಸೊಂಡ್ಲು! ಆನೆ ಸೊಂಡ್ಲು!" ಅಂತ ಕೋಣೆಯಿಡೀ ಸುತ್ತಿತು.

ದಿವ್ಯಾ ನಗು ತಡೆಯಲಾರದೆ ಕೂತೇ ಬಿಟ್ಟಳು. "ಎಂತ ಅಳತೆ ಅತ್ತೆ ಇದು?"

"ಫೋಟೋದಲ್ಲಿ ಕುರ್ಚಿ ಇತ್ತಲೆ, ಕೆಂಪಿಂದು. ಅದ್ರ ಲೆಕ್ಕದಲ್ಲಿ..."

"ಅಯ್ಯೋ, ಅದು ಬಾಲವಾಡಿ ಕುರ್ಚಿ! ಮಕ್ಕ ಕೂಪದು. ಇಷ್ಟೇ ಇರ್ತು." ಅವಳು ನೆಲದಿಂದ ಮೊಳದೆತ್ತರ ಕೈ ಹಿಡಿದು ತೋರಿಸಿದಳು. ಮಮತಾ ಬಿದ್ದು ಬಿದ್ದು ನಕ್ಕಳು. ನೀಲಾಳಿಗೂ ನಗು ಬಂತು. ಹೀಗೆ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ.

"ಚೀಲದಲ್ಲಿ ಇನ್ನೂ ಎಂತ ಇದ್ದು, ತೆಗೀರಿ ನೋಡನ" ಅಂತ ದಿವ್ಯಾ ತಾನೇ ಕೈ ಹಾಕಿದಳು. ನೀಲಿಯದು ಬಂತು. "ಇದು ಇನ್ನೂ ದೊಡ್ಡದು!" ಹಸಿರಿನದು ಬಂತು. ಅವಳ ನಗು ಸ್ವಲ್ಪ ಕಡಿಮೆಯಾಯಿತು. ಕಂದು ಬಣ್ಣದ್ದನ್ನು ಹೊರಗೆಳೆದು, ಒಂದರ ಮೇಲೊಂದನ್ನು ಹೆಗಲಿಗೆ ಹೆಗಲು ಕೂಡಿಸಿ ಮಂಚದ ಮೇಲೆ ಹರಡಿ, ಆರು, ಏಳು, ಎಂಟು ಅಂತ ವರ್ಷಗಳನ್ನು ಎಣಿಸಿದಳು.

"ಮದುವೆ ಯಾವಾಗ ಅತ್ತೆ?"

ನೀಲಾ ಹೇಳಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. "ಮಾಘದಲ್ಲಿ" ಅಂದಳು.

"ಒಳ್ಳೇದಾತು." ಕೊಂಕಿಲ್ಲದೆ ಹೇಳಿದಳು. "ಇನ್ನು ಬಪ್ಪಲಾಗ ಹೇಳಿದ್ವ ಹೆಣ್ಣಿನ ಕಡೆಯವು?"

ನೀಲಾ ತಲೆಯಾಡಿಸಿದಳು. ಮಗು ಉಯ್ಯಾಲೆಯ ಸರಪಳಿಗೆ ಸೊಂಡಿಲು ಸುತ್ತುತ್ತಿತ್ತು. ದಿವ್ಯಾ ಸ್ವೆಟರುಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟು ಮಡಚಿದಳು. ತೋಳು ಒಳಗೆ, ಕುತ್ತಿಗೆ ಮೇಲೆ, ನೀಲಾಳೇ ಹಿಂದೆ ಕಲಿಸಿಕೊಟ್ಟ ಹಾಗೆ. ಮಡಚಿ ಚೀಲದೊಳಗಿಟ್ಟು ಚೀಲವನ್ನು ಅತ್ತೆಯ ಕಡೆ ಸರಿಸಿದಳು.

"ಅದು ಹಾಕ್ಕಂಡಿದ್ದೊಂದು ಇಟ್ಕತ್ತಿ. ಉಳಿದಿದ್ದು ನಿಂಗನೇ ತಗಂಡು ಹೋಗಿ."

"ಎಂತಕ್ಕೆ ತಂಗೀ? ಒಂದು ಮೂಲೇಲಿ ಬಿದ್ದಿರ್ತು. ಬೆಳೆದ ಹಾಂಗೆ..."

"ಬೆಳೆದ ಹಾಂಗೆ ಅದು ಕೇಳ್ತು ಅತ್ತೆ. ಇದು ಕೊಟ್ಟವು ಎಲ್ಲಿದ್ದ, ಎಂತಕ್ಕೆ ಬತ್ವಿಲ್ಲೆ ಹೇಳಿ. ಒಂದ್ಸಲ ಹೇಳಲೆ ಯಂಗೆ ಧೈರ್ಯ ಇದ್ದು. ಪ್ರತಿ ಚಳಿಗೂ ಒಂದೊಂದು ತೆಗೆದು, ಪ್ರತಿ ಸಲವೂ ಹೇಳಲೆ ಇಲ್ಲೆ."

ಅವಳ ದನಿಯಲ್ಲಿ ಹಟವಿರಲಿಲ್ಲ. ಹಟವಿದ್ದಿದ್ದರೆ ಬೇಡಿಕೊಳ್ಳಬಹುದಿತ್ತು, ಅತ್ತು ಕೇಳಬಹುದಿತ್ತು. ಇಷ್ಟು ದಿನ ನೀಲಾ ಬಟ್ಟೆಯ ಉದ್ದ, ತೋಳಿನ ಉದ್ದ ಎಲ್ಲ ಯೋಚಿಸಿದ್ದಳು. ಅದನ್ನು ತೊಡಿಸುವವಳ ಬಗ್ಗೆ ಯೋಚಿಸಿರಲಿಲ್ಲ.

"ಆನು ಹೀಂಗೇ ಒಂದೊಂದ್ಸಲ ಎಂತಾರೂ ಸುಳ್ಳು ಹೇಳಿ ಬರ್ಲಾ?" ಕೊನೆಗೆ ಕೇಳಿದಳು. ಕೇಳುವಾಗ ತನ್ನ ದನಿ ತನಗೇ ಕಳ್ಳಿಯದಂತೆ ಕೇಳಿಸಿತು.

"ಎಷ್ಟು ಸಲ ಅತ್ತೆ? ನಿಮ್ಮನೆಗೆ ಸೊಸೆಯಾಗಿ ಬಪ್ಪದೂ ಯಾರದ್ದೋ ಮನೆ ಕೂಸು. ಅದಕ್ಕೆ ಗೊತ್ತಾದ ದಿನ ಮತ್ತೆ ನಿಂಗ ಮಧ್ಯೆ ನಿಂತು ಒದ್ದಾಡದೇ ಆಗ್ತು. ಒಂದ್ಸಲ ನೋಡಿದ್ದಿ ಆನು. ಸಾಕು." ದಿವ್ಯಾ ಅವಳ ಕೈಯ ಮೇಲೆ ಕೈಯಿಟ್ಟು, ಕೂಡಲೇ ತೆಗೆದಳು.

ಮಮತಾ ಅವಲಕ್ಕಿ ಕೊಟ್ಟಳು, ಚಹಾ ಕೊಟ್ಟಳು. ಸಿದ್ದಾಪುರದ ಬಸ್ಸಿಗೆ ಹೊತ್ತಾಯಿತು. ಸ್ವೆಟರು ತೆಗೆ, ಬೆವರುತ್ತಿದ್ದೀಯ ಅಂತ ದಿವ್ಯಾ ಎಷ್ಟು ಹೇಳಿದರೂ ಮಗು ಒಪ್ಪಲಿಲ್ಲ. ಹಣೆಯ ಕೂದಲೆಲ್ಲ ಒದ್ದೆಯಾಗಿ ಅಂಟಿಕೊಂಡಿತ್ತು. ನೀಲಾ ಸೆರಗಿನಿಂದ ಅದನ್ನು ಒರೆಸಿದಳು. ಮಗುವಿನ ನೆತ್ತಿಗೆ ಉಲ್ಲನ್ನಿನ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ.

"ಅಜ್ಜಿ, ಮುಂದಿನ ಸಲ ಟೊಪ್ಪಿ ತಗಂಡು ಬತ್ಯಾ?"

ಅಡುಗೆಮನೆಯಲ್ಲಿ ಮಮತಾ ಲೋಟ ತೊಳೆಯುತ್ತಿದ್ದ ಸದ್ದು ನಿಂತಿತು. ದಿವ್ಯಾ ಬಗ್ಗಿ ಮಗುವಿನ ಚಪ್ಪಲಿಯ ಪಟ್ಟಿ ಹಾಕುತ್ತಿದ್ದವಳು ತಲೆಯೆತ್ತಲಿಲ್ಲ. ಹಾಕಿದ ಪಟ್ಟಿಯನ್ನೇ ಬಿಚ್ಚಿ ಮತ್ತೆ ಹಾಕಿದಳು.

ನೀಲಾ ಸ್ವೆಟರಿನ ಕುತ್ತಿಗೆಯನ್ನು ಸರಿಮಾಡಿದಳು.

"ಯಾವ ಬಣ್ಣದ್ದು ಬೇಕು?" ಅಂದಳು.

ಮಗು ಯೋಚಿಸಿತು. "ಕೆಂಪು. ಅಲ್ಲ, ಹಳದಿ. ಹಳದಿ ಮೇಲೆ ಕೆಂಪು ಗೆರೆ. ಮತ್ತೆ ಗೊಂಡೆ ಬೇಕು."

"ಗೊಂಡೆ ಎಷ್ಟು ದೊಡ್ಡದು?"

ಅಭಿಜ್ಞಾ ಎರಡೂ ಕೈ ಅಗಲಿಸಿ ತೋರಿಸಿದಳು. ಕೈಗಳೆರಡೂ ತೋಳಿನೊಳಗೆ ಹೂತುಹೋಗಿದ್ದವು; ಎಷ್ಟು ದೊಡ್ಡದೆಂದು ತಿಳಿಯುವಂತಿರಲಿಲ್ಲ. ನೀಲಾ ಸರಿಯಾಗಿ ಕಂಡವಳಂತೆ ತಲೆಯಾಡಿಸಿ, "ಮತ್ತೆ? ಮತ್ತೆಂತ ಬೇಕು ಹೇಳು" ಅಂದಳು.