ಭಂಡಾರ ಮುಟ್ಟಿ ಗಿವ್ ಅಪ್

ಸಾವಳಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಇಂಗ್ಲಿಷಿನ 'ಗಿವ್ ಅಪ್' ಕಲಿಸುತ್ತಿದ್ದೇನೆ. ಚಟ ಬಿಡುವುದಕ್ಕೂ ಅದೇ, ಆಸೆ ಕೈಬಿಡುವುದಕ್ಕೂ ಅದೇ. ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟುಕೊಡುವುದೂ ಗಿವ್ ಅಪ್ಪೇ. ಜಮಖಂಡಿ ಬಸ್ಸಿಗೆ ಮುದುಕಿಯರು ಹತ್ತಿದಾಗ ನಾನು ಕಿಟಕಿಯಾಚೆ ಕಬ್ಬಿನ ಬೆಳೆ ಪರೀಕ್ಷಿಸುತ್ತಿರುತ್ತೇನೆ, ಆ ಮಾತು ಬೇರೆ. ಮೊದಲ ಅರ್ಥಕ್ಕೆ ಬೋರ್ಡಿನ ಮೇಲೆ ನನ್ನ ಉದಾಹರಣೆ, 'ಹಿ ಗೇವ್ ಅಪ್ ಗುಟಕಾ', ಅವನು ಗುಟಕಾ ಬಿಟ್ಟನು. ಬರೆಯುವಾಗ ನನ್ನ ಎಡದವಡೆಯಲ್ಲಿ ಗುಟಕಾ ಇರುತ್ತದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಹೋದ ತಿಂಗಳು ರಬಕವಿಯ ಹಲ್ಲಿನ ಡಾಕ್ಟರು ಬಾಯಿ ತೆರೆಯಲು ಹೇಳಿದರು. ಎರಡು ಬೆರಳು ಹಿಡಿಸುವಷ್ಟೂ ತೆರೆಯಲಿಲ್ಲ.

"ಇವತ್ತ ಬಿಟ್ರ ಉಳೀತೀರಿ ಹಾಲೇಶ ಮಾಸ್ತರ. ಇಲ್ಲಾಂದ್ರ ಮುಂದ ಕ್ಯಾನ್ಸರ್," ಎಂದರು.

ಹೊರಗೆ ಬಂದವನೇ ಆ ಹೆದರಿಕೆಗೆ ಒಂದು ಪಾಕೀಟು ಹರಿದು ಬಾಯಿಗೆ ಸುರಿದುಕೊಂಡೆ.

ಸುದ್ದಿ ಅವ್ವನ ಕಿವಿಗೆ ಬಿತ್ತು. ಬೀರೇಶ್ವರನ ಭಂಡಾರ ಹಿಡಿದು ಆಡಿದ ಮಾತಿಗೆ ತಪ್ಪಿದವರು ನಮ್ಮ ಮನೆತನದಲ್ಲಿಲ್ಲ. ಮರುದಿನವೇ ಅವಳು ನನ್ನನ್ನು ಗುಡಿಗೆ ಎಳೆದೊಯ್ದು, ಅಂಗೈ ತುಂಬ ಆ ಅರಿಷಿಣದ ಪುಡಿ ಸುರಿದಳು.

"ಹಿಡಿ. ದೇವರ ಮುಂದ ಹೇಳು."

ನಾನೇನು ಕಡಿಮೆಯೇ? ಬೀರೇಶ್ವರ ಕುರಿ ಕಾಯುವವರ ದೇವರು. ಇಂಗ್ಲಿಷಿನಲ್ಲಿ ಆಣೆ ಮಾಡಿದರೆ, ನಾಳೆ ತಪ್ಪಿದರೂ ಅವನ ಕೈಗೆ ಸಿಗಲಾರೆ ಎಂದು ಲೆಕ್ಕ ಹಾಕಿದೆ. ಕಣ್ಣು ಮುಚ್ಚಿ, ಬಲು ಭಕ್ತಿಯಿಂದ, "ಐ ಗಿವ್ ಅಪ್ ಗುಟಕಾ," ಎಂದೆ.

"ಗುಟಕಾ ಅಂದದ್ದು ಕೇಳಿಸ್ತು," ಎಂದಳು ಅವ್ವ. "ಅದನ್ನ ಏನ್ ಮಾಡ್ತಿ ಅಂದಿ? ನನಗ ತಿಳೀಲಿಲ್ಲಪಾ."

ತಿಳಿಯಲಿಲ್ಲ ಎಂದವರಿಗೆ ಅರ್ಥ ಹೇಳದೆ ಸುಮ್ಮನಿರುವುದು ಮಾಸ್ತರನ ಜನ್ಮಕ್ಕೆ ಸಾಧ್ಯವಿಲ್ಲ. ಬಾಯಿ ತಾನಾಗಿಯೇ ಅಂದುಬಿಟ್ಟಿತು. "ನಾ ಗುಟಕಾ ಬಿಟ್ಟೇನಿ ಅಂತ ಅರ್ಥ, ಯವ್ವಾ."

ಅಂದ ಮೇಲೆ ಕೈ ನೋಡಿಕೊಂಡೆ. ಭಂಡಾರ ಇನ್ನೂ ಅಂಗೈಯಲ್ಲೇ ಇತ್ತು.

ಅವ್ವ ಅದರಲ್ಲೇ ಒಂದು ಚಿಟಿಕೆ ತೆಗೆದು ನನ್ನ ಹಣೆಗೆ ಹಚ್ಚಿದಳು. "ನಿನ್ನ ಹೆಣಾ ನಾ ನೋಡಬಾರದು. ಅಷ್ಟ ನೋಡಪಾ," ಎಂದಳು. ಅಂಥವಳೆದುರು ಜಾಣತನ ತೋರಿಸಲು ಹೋದೆನಲ್ಲ ಎಂದು ನಾಚಿಕೆಯಿಂದ ಸತ್ತೆ. ಅಂಗಿಯ ಕಿಸೆಯಿಂದ ಪಾಕೀಟು ತೆಗೆದು ಅವಳ ಕೈಗಿಟ್ಟೆ.

ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ನನ್ನ ಪ್ಯಾಂಟಿನ ಕಿಸೆಯ ಕಡೆ ಬೆರಳು ತೋರಿಸಿದಳು. ಅಲ್ಲಿದ್ದ ಎರಡನ್ನೂ ಕೊಟ್ಟೆ.